ಎಂಸಿಬಿ ತೆಗೆದ ಕಿಂಡಿಗೆ ಟೇಪ್ ಸಾಕಾ?

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಹತ್ತಿರ ಒಂದು ಹಳೇ ಮನೆ. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ಹೊಸದಾಗಿ ವೈರಿಂಗ್ ಮಾಡಿಸಿದಾಗ ಹಜಾರದ ಗೋಡೆಗೆ ಹನ್ನೆರಡು ಎಂಸಿಬಿ (ಫ್ಯೂಸಿನ ಬದಲು ಬರುವ, ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಕೂರುವ ತಗಡಿನ ಡಿಬಿ, ಅಂದರೆ ಮನೆಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆ, ಹಾಕಿದ್ದರು. ಆಮೇಲೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡಿಗೆ ಬೇರೆ ಮೀಟರ್ ಬಂತು, ಆ ಲೈನಿನ ಎಂಸಿಬಿಗಳನ್ನು ತೆಗೆದರು. ಈಗ ನಾಲ್ಕು ಕಿಂಡಿ ಖಾಲಿ. ಎಲೆಕ್ಟ್ರಿಷಿಯನ್ ಕರಿ ಟೇಪ್ ಅಂಟಿಸಿ ಹೋಗಿದ್ದರು. ಪ್ರತಿ ಮಳೆಗಾಲದಲ್ಲೂ ಅದು ಜೋತು ಬೀಳುತ್ತದೆ. ಹಲ್ಲಿ ಒಳಗೆ ಹೋಗಿ ಬರುತ್ತದೆ. ಒಂದು ಕಿಂಡಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದೆ. ರಜೆಗೆ ಬರುವ ಮೊಮ್ಮಗಳಿಗೆ ನಾಲ್ಕು ವರ್ಷ, ಕುರ್ಚಿ ಹತ್ತಿದರೆ ಡಿಬಿ ಕೈಗೆ ಸಿಗುತ್ತದೆ. ಮಡಿಕೇರಿಯ ಅಂಗಡಿಯಲ್ಲಿ ಕೇಳಿದರೆ ಈ ಮಾಡೆಲ್ ಈಗ ಬರೋದಿಲ್ಲ, ಇದರ ಪ್ಲೇಟೂ ಇಲ್ಲ ಅಂದರು. ಐಸ್‌ಕ್ರೀಂ ಡಬ್ಬಿಯ ಮುಚ್ಚಳ ಕತ್ತರಿಸಿ ಅಂಟಿಸಿದರೆ ಆಗುತ್ತದಾ? ಎಂ-ಸೀಲ್ ತುಂಬಬಹುದಾ? ಒಬ್ಬರು 'ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇದೆಯಲ್ಲ, ಏನೂ ಆಗಲ್ಲ' ಅಂತಾರೆ. ಇನ್ನೊಬ್ಬರು 'ಎಂಸಿಬಿಗೆ ಗಾಳಿ ಬೇಕು, ಮುಚ್ಚಬೇಡಿ' ಅಂತಾರೆ. ಮೂರನೆಯವರು ಇಡೀ ಡಿಬಿ ಬದಲಾಯಿಸಬೇಕು ಅಂತ ಎಸ್ಟಿಮೇಟ್ ಕೊಟ್ಟಿದ್ದಾರೆ. ಯಾರ ಮಾತು ಕೇಳಲಿ? ಇನ್ನೊಂದು ವಿಷಯ, ತೋಟದ ಕೆಲಸಗಾರರು ಇರುವ ಲೈನ್ ಮನೆಯಲ್ಲಿ ಇನ್ನೂ ಹಳೇ ಪಿಂಗಾಣಿ ಫ್ಯೂಸುಗಳೇ ಇವೆ. ಅದರಲ್ಲೂ ಎರಡು ಖಾಲಿ.

ಉತ್ತರ: ನಿಮ್ಮ ಭಯ ಸರಿಯಾದದ್ದೇ. ಮುಚ್ಚೋದು ಹೇಗೆ ಅನ್ನೋದಕ್ಕೆ ಮೊದಲು ಆ ಕಿಂಡಿಯ ಹಿಂದೆ ಏನಿದೆ ಅಂತ ಹೇಳುತ್ತೇನೆ. ಅದು ಗೊತ್ತಾದರೆ ಮೂರು ಜನರ ಮಾತಲ್ಲಿ ಯಾವುದು ಎಷ್ಟು ಸರಿ ಅಂತ ನಿಮಗೇ ತಿಳಿಯುತ್ತದೆ.

ಡಿಬಿಯ ಒಳಗೆ ಎಂಸಿಬಿಗಳೆಲ್ಲ 35 ಮಿಲಿಮೀಟರ್ ಅಗಲದ ಒಂದು ಲೋಹದ ಪಟ್ಟಿಗೆ ಸಿಕ್ಕಿಕೊಂಡು ಸಾಲಾಗಿ ಕೂತಿರುತ್ತವೆ. ಇದೇ ಡಿನ್ ರೈಲ್. ಇಷ್ಟೂ ಎಂಸಿಬಿಗೆ ಫೇಸ್, ಅಂದರೆ ಒಳಬರುವ ಕರೆಂಟ್, ಕೊಡೋದು ಬಸ್‌ಬಾರ್ ಅನ್ನೋ ತಾಮ್ರದ ಪಟ್ಟಿ. ಬಾಚಣಿಗೆಯ ಹಾಗೆ ಅದಕ್ಕೆ ಹಲ್ಲುಗಳಿರುತ್ತವೆ, ಒಂದೊಂದು ಎಂಸಿಬಿಯ ಟರ್ಮಿನಲ್ (ವೈರ್ ಸಿಕ್ಕಿಸಿ ಬಿಗಿಯುವ ಜಾಗ) ಒಳಗೆ ಒಂದೊಂದು ಹಲ್ಲು. ಪಲ್ಪರ್ ಲೈನಿನ ಎಂಸಿಬಿ ತೆಗೆದಾಗ ಹೋದದ್ದು ಎಂಸಿಬಿ ಮಾತ್ರ. ಆ ತಾಮ್ರದ ಹಲ್ಲು ಅಲ್ಲೇ ನಿಂತಿದೆ, ಮೇಲೆ ಯಾವ ಹೊದಿಕೆಯೂ ಇಲ್ಲದೆ. ಮೇನ್ ಆನ್ ಇರುವಷ್ಟು ಹೊತ್ತೂ ಅದರಲ್ಲಿ 230 ವೋಲ್ಟ್ ಇರುತ್ತದೆ. ಮನೆಗೆ ಮೂರು ಫೇಸ್ ಇದ್ದು, ಬೇರೆ ಬೇರೆ ಫೇಸಿನ ಬಸ್‌ಬಾರ್‌ಗಳು ಒಂದೇ ಪೆಟ್ಟಿಗೆಯಲ್ಲಿದ್ದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ 400 ವೋಲ್ಟ್. ಪಲ್ಪರ್ ಮೋಟಾರ್ ಮೊದಲು ಇದೇ ಡಿಬಿಯಿಂದ ಓಡುತ್ತಿತ್ತು ಅಂದರೆ ನಿಮ್ಮಲ್ಲೂ ಹಾಗಿರುವ ಸಾಧ್ಯತೆ ಇದೆ.

'ಎಂಸಿಬಿ ತೆಗೆದಾಯ್ತು, ಅಲ್ಲಿ ಕರೆಂಟೆಲ್ಲಿ?' ಅಂತ ಕೇಳುವವರು ಈಗಲೂ ಸಿಗುತ್ತಾರೆ. ಅವರಿಗೆ ಇದೇ ಉತ್ತರ.

ಕಿಂಡಿಯ ಅಳತೆಯನ್ನೂ ನೋಡಿ. ಒಂದು ಎಂಸಿಬಿಯ ಜಾಗ ಅಂದರೆ ಸುಮಾರು 18 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರ. ನಮ್ಮ ದೇಶದ ವೈರಿಂಗ್ ನಿಯಮ ಐಎಸ್ 732. ಕರೆಂಟಿರುವ ಭಾಗದ ಮುಂದಿನ ಮುಚ್ಚಳದಲ್ಲಿ ಬೆರಳು ತೂರುವಂಥ ಸಂದು ಇರಬಾರದು ಅಂತ ಅದು ಹೇಳುತ್ತದೆ. ಇದಕ್ಕೆ ಐಪಿ 2ಎಕ್ಸ್ ಅನ್ನೋ ದರ್ಜೆ, ಅಂದರೆ 12.5 ಮಿಲಿಮೀಟರ್ ದಪ್ಪದ ಗುಂಡು ಒಳಗೆ ಹೋಗಬಾರದು. ನಿಮ್ಮ ಕಿಂಡಿಯಲ್ಲಿ ದೊಡ್ಡವರ ಹೆಬ್ಬೆರಳೇ ಹೋಗುತ್ತದೆ. ನಾಲ್ಕೂ ಕಿಂಡಿ ಪಕ್ಕಪಕ್ಕದಲ್ಲಿದ್ದರೆ 72 ಮಿಲಿಮೀಟರಿನ ಬಾಯಿ ಆಯ್ತು, ನಾಲ್ಕು ವರ್ಷದ ಮಗುವಿನ ಇಡೀ ಕೈ ಹೋಗುತ್ತದೆ. ಪೆಟ್ಟಿಗೆಯ ಮೇಲ್ಭಾಗಕ್ಕೆ ನಿಯಮ ಇನ್ನೂ ಬಿಗಿ, ಅಲ್ಲಿ 1 ಮಿಲಿಮೀಟರ್ ತಂತಿಯೂ ತೂರಬಾರದು. ಮೇಲಿಂದ ಬೀಳುವ ಮೊಳೆ, ಸ್ಕ್ರೂ, ವೈರಿನ ತುಂಡು ನೇರವಾಗಿ ಬಸ್‌ಬಾರ್ ಮೇಲೆ ಬೀಳುತ್ತದಲ್ಲ, ಅದಕ್ಕೆ. ವೈರ್‌ಮ್ಯಾನ್ ಬಂದಾಗ ಪೆಟ್ಟಿಗೆಯ ತಲೆಯ ಮೇಲೂ ಒಮ್ಮೆ ನೋಡಿಸಿ. ಹಳೇ ಪೈಪ್ ಕಿತ್ತ ತೂತು ಹಾಗೇ ಬಾಯಿಬಿಟ್ಟುಕೊಂಡಿರೋದು ನಮ್ಮ ಕಡೆ ಮಾಮೂಲು.

ಡಿಬಿಗೆ ಹೊರಬಾಗಿಲು ಇದೆ, ಮುಚ್ಚಿದರೆ ಆಯ್ತಲ್ಲ ಅನ್ನಬಹುದು. ಕೈಯಲ್ಲೇ ತೆರೆಯುವ ಬಾಗಿಲು ಲೆಕ್ಕಕ್ಕಿಲ್ಲ. ಸ್ಕ್ರೂಡ್ರೈವರ್ ಅಥವಾ ಕೀಲಿ ಇಲ್ಲದೆ ತೆಗೆಯಲು ಆಗದ ಮುಚ್ಚಳ ಮಾತ್ರ ರಕ್ಷಣೆ. ಅದೂ ಅಲ್ಲದೆ, ಕಿಂಡಿ ಕಂಡರೆ ಸಾಕು, ನಮ್ಮ ಜನ ಅಲ್ಲಿ ಏನಾದರೂ ಸಿಕ್ಕಿಸಿಡುತ್ತಾರೆ. ಮಡಚಿದ ಕರೆಂಟ್ ಬಿಲ್, ಟೆಸ್ಟರ್, ಹೇರ್‌ಪಿನ್. ಒಂದು ಹೋಂಸ್ಟೇಯಲ್ಲಿ ಅತಿಥಿಗಳು ಸೊಳ್ಳೆಗೆ ಅಂತ ಊದುಬತ್ತಿ ಚುಚ್ಚಿಟ್ಟದ್ದನ್ನು ಕಂಡಿದ್ದೇನೆ. ಬೂದಿ ಎಂಸಿಬಿಗಳ ಮೇಲೆ ಉದುರಿತ್ತು.

ಇನ್ನು ಆ ಮೂವರ ಮಾತಿಗೆ ಬರೋಣ.

ಆರ್‌ಸಿಸಿಬಿ ಇರುವುದು ಒಳ್ಳೆಯದು. 30 ಮಿಲಿಆಂಪಿನದು ಸರಿಯಾಗಿ ಕೆಲಸ ಮಾಡಿದರೆ ಎಷ್ಟೋ ಜೀವ ಉಳಿಸುತ್ತದೆ. ಆದರೆ ತೆರೆದ ಡಿಬಿಯ ಒಳಗೆ ಅದು ಕೈಕೊಡುವ ಸಂದರ್ಭಗಳು ಬೇಕಾದಷ್ಟಿವೆ. ಆರ್‌ಸಿಸಿಬಿಗೆ ಬರುವ ವೈರ್ ಮತ್ತು ಅದರ ಟರ್ಮಿನಲ್ಲು ಅದರ ಕಾವಲಿಗೆ ಸಿಗೋದಿಲ್ಲ, ಅಲ್ಲಿ ಮುಟ್ಟಿದರೆ ಅದು ಟ್ರಿಪ್ ಆಗೋದೇ ಇಲ್ಲ. ಡಿಬಿಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ಗೇಣಿನೊಳಗೆ ಇರುತ್ತವೆ. ಎರಡನ್ನೂ ಒಟ್ಟಿಗೆ ಮುಟ್ಟಿದರೆ ಕರೆಂಟ್ ಫೇಸಿನಿಂದ ಹೋಗಿ ನ್ಯೂಟ್ರಲಿಗೇ ವಾಪಸ್ ಬರುತ್ತದೆ, ಭೂಮಿಗೆ ಸೋರೋದಿಲ್ಲ. ಹೋದದ್ದಕ್ಕೂ ಬಂದದ್ದಕ್ಕೂ ವ್ಯತ್ಯಾಸ ಕಂಡರೆ ಮಾತ್ರ ಆರ್‌ಸಿಸಿಬಿ ಬೀಳೋದು. ಇಲ್ಲಿ ವ್ಯತ್ಯಾಸವೇ ಇಲ್ಲ, ಸುಮ್ನೆ ನೋಡುತ್ತಾ ಇರುತ್ತದೆ. ಇನ್ವರ್ಟರ್ ಲೈನ್ ಎಷ್ಟೋ ಮನೆಗಳಲ್ಲಿ ಆರ್‌ಸಿಸಿಬಿಯನ್ನು ದಾಟಿಸಿಯೇ ಕೊಟ್ಟಿರುತ್ತಾರೆ. ಹಾಗಾಗಿ 'ಏನೂ ಆಗಲ್ಲ' ಅನ್ನೋದು ತಪ್ಪು. ಅದರ ಮೇಲಿರುವ ಟೆಸ್ಟ್ ಬಟನ್ ಒತ್ತಿ ಕೊನೇ ಸಲ ನೋಡಿದ್ದು ಯಾವಾಗ? ಈ ಪತ್ರ ಓದಿದ ಮೇಲೆ ಒಮ್ಮೆ ಒತ್ತಿ. ಬೀಳದಿದ್ದರೆ ಕಿಂಡಿಗಿಂತ ಅದು ದೊಡ್ಡ ಸಮಸ್ಯೆ.

ಎಂಸಿಬಿಗೆ ಗಾಳಿ ಬೇಕು ಅನ್ನುವ ಮಾತು ನಾನು ಕೆಲಸ ಕಲಿಯುವಾಗಿನಿಂದ ಕೇಳುತ್ತಿದ್ದೇನೆ. ಇದರಲ್ಲಿ ಹುರುಳಿಲ್ಲ. ಡಿಬಿಯನ್ನು ಕಂಪನಿಯಲ್ಲಿ ಬಿಸಿಗೆ ಪರೀಕ್ಷೆ ಮಾಡುವಾಗ ಎಲ್ಲಾ ಕಿಂಡಿ ಮುಚ್ಚಿಯೇ ಮಾಡುತ್ತಾರೆ. ಮನೆಯ ಎಂಸಿಬಿಗಳ ಲೆಕ್ಕಾಚಾರ 30 ಡಿಗ್ರಿ ಸೆಲ್ಸಿಯಸ್ ಇಟ್ಟುಕೊಂಡು ಮಾಡಿದ್ದು. ನಾಪೋಕ್ಲಿನ ಹಜಾರದಲ್ಲಿ ವರ್ಷದಲ್ಲಿ ಎಷ್ಟು ದಿನ ಅದನ್ನು ಮೀರುತ್ತದೆ ನೀವೇ ಹೇಳಿ. ಡಿಬಿ ಮುಟ್ಟಿದರೆ ಬಿಸಿ ಅನ್ನಿಸುತ್ತಿದ್ದರೆ ಕಾರಣ ಬೇರೆ: ಸಡಿಲವಾದ ಸ್ಕ್ರೂ, ಒಂದೇ ಟರ್ಮಿನಲ್ಲಿಗೆ ತುರುಕಿದ ಎರಡು ಮೂರು ವೈರ್, ಗೀಸರಿನಂಥ ಲೋಡಿಗೆ ತೆಳು ವೈರ್. ಅದನ್ನು ಹುಡುಕಿ ಸರಿ ಮಾಡಬೇಕೇ ಹೊರತು ಕಿಂಡಿ ಬಿಟ್ಟು ಬಿಸಿ ಇಳಿಸೋಕಾಗಲ್ಲ.

ಕಿಂಡಿ ಮುಚ್ಚಿರಬೇಕಾದ್ದಕ್ಕೆ ಬೆರಳಿನ ಹೊರತಾಗಿ ಇನ್ನೊಂದು ಕಾರಣ ಇದೆ. ಅದನ್ನು ಯಾರೂ ಹೇಳೋದಿಲ್ಲ. ಎಲ್ಲೋ ಶಾರ್ಟ್ ಆದಾಗ ಎಂಸಿಬಿ ಕ್ಷಣದಲ್ಲಿ ಸಾವಿರಾರು ಆಂಪಿಯರ್ ತುಂಡರಿಸುತ್ತದೆ. ಒಳಗೆ ಕಿಡಿ ಹುಟ್ಟಿ ಬಿಸಿ ಗಾಳಿ ಹೊರಗೆ ಬರುತ್ತದೆ. ಪೆಟ್ಟಿಗೆ ಪೂರ್ತಿ ಮುಚ್ಚಿದ್ದರೆ ಆಟ ಅಲ್ಲಿಗೇ ಮುಗಿಯುತ್ತದೆ. ಕಿಂಡಿ ತೆರೆದಿದ್ದರೆ ಎದುರಿಗೆ ನಿಂತು ಎಂಸಿಬಿ ಎತ್ತುತ್ತಿರುವವರ ಮುಖಕ್ಕೇ ಬರಬಹುದು. ಪಕ್ಕದಲ್ಲಿ ಕರ್ಟನ್, ಕ್ಯಾಲೆಂಡರ್, ಮರದ ಹಲಗೆ ಇದ್ದರೆ ಬೆಂಕಿಗೂ ದಾರಿ. ಕೊಡಗಿನ ಹಳೇ ಮನೆಗಳಲ್ಲಿ ಅಟ್ಟವೂ ಮರ, ಕಂಬವೂ ಮರ.

ನೀವು ಹೇಳಿದ ಮನೆಮದ್ದುಗಳು

ಟೇಪ್ ಯಾಕೆ ನಿಲ್ಲೋದಿಲ್ಲ ಅಂತ ನಿಮಗೇ ಗೊತ್ತು. ಅದರ ಅಂಟು ತೇವಕ್ಕೂ ಬಿಸಿಗೂ ಕರಗಿ ಜಿಗಟಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಲ್ಲಿ ಟೇಪ್ ಎಲ್ಲಿ ಹಿಡಿದೀತು? ಅಂಟಿಕೊಂಡಿದ್ದರೂ ಮಗುವಿನ ಬೆರಳು ಒತ್ತಿದರೆ ಅದು ಒಳಕ್ಕೆ ಬಾಗುತ್ತದೆ. ವೈರಿಗೆ ಸುತ್ತೋದಕ್ಕೆ ಇರುವ ವಸ್ತು ಅದು. ಬಾಯಿ ಮುಚ್ಚೋದಕ್ಕಲ್ಲ.

ಐಸ್‌ಕ್ರೀಂ ಡಬ್ಬಿಯ ಮುಚ್ಚಳ ಉರಿಯುವ ಪ್ಲಾಸ್ಟಿಕ್. ಅಂಟು ಬಿಟ್ಟರೆ ಒಳಗೇ ಬೀಳುತ್ತದೆ. ಡಿಬಿಗೆ ಬಳಸುವ ಪ್ಲಾಸ್ಟಿಕ್ ಬೇರೆ, ಕಿಡಿ ತಾಗಿದರೂ ಉರಿ ಹಬ್ಬದಂತೆ ಮಾಡಿದ್ದು. ರಟ್ಟು, ಥರ್ಮೋಕೋಲ್, ಪ್ಲೈವುಡ್ ತುಂಡು ಎಲ್ಲಕ್ಕೂ ಇದೇ ಮಾತು. ತಗಡು ಕತ್ತರಿಸಿ ತೂರಿಸೋದು ಇನ್ನೂ ಕೆಟ್ಟದ್ದು. ಜಾರಿ ಬಸ್‌ಬಾರ್ ಮೇಲೆ ಬಿದ್ದರೆ ನೇರ ಶಾರ್ಟ್.

ಎಂ-ಸೀಲ್ ತುಂಬಿದರೆ ಮುಂದಿನ ಸಲ ಮುಚ್ಚಳ ತೆಗೆಯೋಕೆ ಉಳಿ ಸುತ್ತಿಗೆ ಬೇಕಾಗುತ್ತದೆ. ಅದು ಪಕ್ಕದ ಎಂಸಿಬಿಗೂ ಅಂಟಿಕೊಳ್ಳುತ್ತದೆ. ಸಿಲಿಕಾನ್ ಪೇಸ್ಟಂತೂ ಬೇಡವೇ ಬೇಡ. ಬಾತ್‌ರೂಮಿಗೆ ಬಳಸುವ ಮಾಮೂಲಿ ಸಿಲಿಕಾನ್ ಒಣಗುವಾಗ ವಿನೆಗರ್ ವಾಸನೆ ಬರುತ್ತದಲ್ಲ, ಆ ಆಮ್ಲ ತಾಮ್ರವನ್ನು ತಿನ್ನುತ್ತದೆ. ಎರಡು ಮಳೆಗಾಲ ಕಳೆದರೆ ಟರ್ಮಿನಲ್ ಹಸಿರು ಕಟ್ಟಿರುತ್ತದೆ.

ಸರಿಯಾದ ದಾರಿ

ಇದಕ್ಕೆಂದೇ ಸಿಗುವ ವಸ್ತು ಬ್ಲ್ಯಾಂಕ್ ಪ್ಲೇಟ್. ಕೆಲವು ಅಂಗಡಿಯವರು ಡಮ್ಮಿ ಅಂತಾರೆ. ಎಂಸಿಬಿಯ ಮುಖದಷ್ಟೇ ಅಗಲದ ಪ್ಲಾಸ್ಟಿಕ್ ತುಂಡು. ಹಿಂದೆ ಎರಡು ಕಾಲಿರುತ್ತವೆ, ಮುಚ್ಚಳದ ಅಂಚಿಗೆ ಟಕ್ ಅಂತ ಕಚ್ಚಿಕೊಳ್ಳುತ್ತದೆ. ಚಿಲ್ಲರೆ ದುಡ್ಡಿನ ಸಾಮಾನು. ಹೊಸ ಡಿಬಿ ಕೊಂಡಾಗ ಪೆಟ್ಟಿಗೆಯ ಜೊತೆಯಲ್ಲೇ ಕೆಲವು ಬರುತ್ತವೆ, ಕೆಲಸ ಮುಗಿದ ಮೇಲೆ ಕಸದ ಜೊತೆ ಗುಡಿಸಿ ಹಾಕುತ್ತಾರೆ.

ನಿಮ್ಮ ಮಾಡೆಲ್ ಈಗ ಬರೋದಿಲ್ಲ ಅನ್ನೋದು ಕೊನೇ ಮಾತಲ್ಲ. ಎಂಸಿಬಿಯ ಮುಖದ ಅಳತೆ ಹೆಚ್ಚುಕಡಿಮೆ ಎಲ್ಲಾ ಕಂಪನಿಗಳದ್ದೂ ಒಂದೇ. ಹಾಗಾಗಿ ಬೇರೆ ಕಂಪನಿಯ ಪ್ಲೇಟೂ ಎಷ್ಟೋ ಸಲ ಕೂರುತ್ತದೆ. ವ್ಯತ್ಯಾಸ ಬರೋದು ಎರಡು ಕಡೆ, ಕಿಂಡಿಯ ಎತ್ತರ ಮತ್ತು ತಗಡಿನ ದಪ್ಪ. ದಪ್ಪ ತಗಡಿಗೆ ಪ್ಲಾಸ್ಟಿಕ್ ಮುಚ್ಚಳದ ಪ್ಲೇಟ್ ಕಚ್ಚೋದಿಲ್ಲ. ಉದ್ದ ಪಟ್ಟಿಯಾಗಿ ಬಂದು ಬೇಕಾದಷ್ಟಕ್ಕೆ ಮುರಿದುಕೊಳ್ಳುವ ಪ್ಲೇಟೂ ಇದೆ, ಅರ್ಧ ಎಂಸಿಬಿಯಷ್ಟು ಸಂದು ಉಳಿದರೆ ಅದು ಅನುಕೂಲ. ಅಂಗಡಿಗೆ ಹೋಗುವಾಗ ಬರೀ ಕಂಪನಿ ಹೆಸರು ಹೇಳಬೇಡಿ. ಮಗುವಿನ ಜಾಮೆಟ್ರಿ ಬಾಕ್ಸಿನ ಪ್ಲಾಸ್ಟಿಕ್ ಸ್ಕೇಲನ್ನು ಮುಚ್ಚಳದ ಮೇಲೆ ಮಟ್ಟಸವಾಗಿ ಇಟ್ಟು, ಒಳಗೆ ತೂರಿಸದೆ, ಫೋಟೋ ತೆಗೆಯಿರಿ. ಕಬ್ಬಿಣದ ಟೇಪ್ ಬೇಡ. ಬಾಗಿಲಿನ ಒಳಗಡೆಯ ಸ್ಟಿಕರಿನ ಫೋಟೋ ಕೂಡ ಬೇಕು. ಮಡಿಕೇರಿಯಲ್ಲಿ ಸಿಗದಿದ್ದರೆ ಮೈಸೂರಿನಲ್ಲಿ ಪ್ಯಾನೆಲ್ ಬೋರ್ಡ್ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ, ಮನೆ ವೈರಿಂಗ್ ಅಂಗಡಿಯಲ್ಲಿ ಅಲ್ಲ.

ಕೂರಿಸಿದ ಮೇಲೆ ವೈರ್‌ಮ್ಯಾನ್ ಮುಂದೆಯೇ, ಕರೆಂಟ್ ಆಫ್ ಇರುವಾಗ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ನೋಡಿ. ಒಳಗೆ ಜಾರಬಾರದು, ಅಲುಗಾಡಬಾರದು, ಉಗುರಿನಲ್ಲಿ ಎತ್ತಿದರೆ ಬರಬಾರದು. ಈ ಮೂರರಲ್ಲಿ ಒಂದಾದರೂ ತಪ್ಪಿದರೆ ಆ ಪ್ಲೇಟ್ ನಿಮ್ಮ ಡಿಬಿಗೆ ಅಲ್ಲ.

ಪ್ಲೇಟ್ ಸಿಗಲೇ ಇಲ್ಲವಾ, ನಾಲ್ಕು ಎಂಸಿಬಿಯನ್ನೇ ಹಾಕಿಸಿ. ಔಟ್‌ಪುಟ್ ವೈರ್ ಇಲ್ಲದೆ, ಆಫ್ ಮಾಡಿ, ಮೇಲೆ 'ಸ್ಪೇರ್' ಅಂತ ಬರೆದು. ನನ್ನ ಕೆಲಸದಲ್ಲಿ ಹಳೇ ಡಿಬಿಗಳಿಗೆ ಇದನ್ನೇ ಜಾಸ್ತಿ ಮಾಡುತ್ತೇನೆ. ಕಾರಣ ಇಷ್ಟೇ, ಖಾಲಿ ನಿಂತಿರುವ ತಾಮ್ರದ ಹಲ್ಲಿಗೂ ಇದರಿಂದ ಹೊದಿಕೆ ಸಿಗುತ್ತದೆ, ಅದು ಎಂಸಿಬಿಯ ಟರ್ಮಿನಲ್ ಒಳಗೆ ಸೇರಿಕೊಳ್ಳುತ್ತದೆ. ಖರ್ಚು ಪ್ಲೇಟಿಗಿಂತ ಜಾಸ್ತಿ. ಅಪಾಯವೂ ಒಂದಿದೆ: ನಾಳೆ ಯಾರೋ ಬಂದು 'ಸ್ಪೇರ್ ಇದೆಯಲ್ಲ' ಅಂತ ಲೆಕ್ಕ ನೋಡದೆ ಹೊಸ ಗೀಸರ್ ಎಳೆದುಬಿಡುತ್ತಾರೆ. ಅದಕ್ಕೇ ಸುಟ್ಟ, ಕೆಟ್ಟ ಎಂಸಿಬಿಯನ್ನು ಡಮ್ಮಿಯಾಗಿ ಇಡಬೇಡಿ. ಮುಂದೆ ಅದು ಕೆಟ್ಟದ್ದು ಅಂತ ಯಾರಿಗೂ ನೆನಪಿರೋದಿಲ್ಲ.

ಪ್ಲೇಟ್ ಹಾಕುವುದಾದರೆ ಒಳಗಿನ ಹಲ್ಲನ್ನು ಬರಿದಾಗಿ ಬಿಡದೆ ಇನ್ಸುಲೇಷನ್ ಕ್ಯಾಪ್ ಹಾಕಿಸಿ. ಬಸ್‌ಬಾರಿನ ಜೊತೆ ಸಿಗುತ್ತದೆ. ಮುಚ್ಚಳ ಬಿಚ್ಚಿ ಕೆಲಸ ಮಾಡುವ ಮುಂದಿನ ವ್ಯಕ್ತಿಗೆ ಅದು ಉಪಕಾರ.

ಹಾಗೇ ಒಂದು ಸಲಹೆ. ಜಾಗ ಇದೆಯಲ್ಲ, ಒಂದೆರಡು ಕಿಂಡಿಗೆ ಸರ್ಜ್ ಪ್ರೊಟೆಕ್ಷನ್ ಡಿವೈಸ್ (ತಟ್ಟನೆ ಏರುವ ವೋಲ್ಟೇಜಿನಿಂದ ಕಾಯುವ ಸಾಧನ) ಹಾಕಿಸಬಹುದಾ ಅಂತ ವೈರ್‌ಮ್ಯಾನನ್ನು ಕೇಳಿ. ಏಪ್ರಿಲ್-ಮೇ ಗುಡುಗಿನಲ್ಲಿ ಟಿವಿ, ಫ್ರಿಜ್, ಮೋಡೆಮ್ ಕಳೆದುಕೊಳ್ಳುವ ಮನೆಗಳು ನಮ್ಮಲ್ಲಿ ಕಮ್ಮಿ ಇಲ್ಲ. ಅರ್ಥಿಂಗ್ ಚೆನ್ನಾಗಿದ್ದರೆ ಮಾತ್ರ ಅದರಿಂದ ಪ್ರಯೋಜನ.

ಮೇನ್ ಆಫ್ ಮಾಡಿದರೂ ಕರೆಂಟ್ ಇರಬಹುದು

ಇದನ್ನು ದಯವಿಟ್ಟು ಎರಡು ಸಲ ಓದಿ. ಪ್ಲೇಟ್ ಒತ್ತೋದು ಐದು ನಿಮಿಷದ ಕೆಲಸ, ನಾನೇ ಮಾಡಿಬಿಡೋಣ ಅಂತ ಅನ್ನಿಸುತ್ತದೆ. ಆದರೆ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ಕೊಡಗಿನಲ್ಲಿ ಇನ್ವರ್ಟರ್ ಇಲ್ಲದ ಮನೆ ಅಪರೂಪ. ನೀವು ಮೇನ್ ಆಫ್ ಮಾಡಿದ ಕೂಡಲೇ ಇನ್ವರ್ಟರ್ 'ಕರೆಂಟ್ ಹೋಯ್ತು' ಅಂದುಕೊಳ್ಳುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಬ್ಯಾಟರಿಯಿಂದ 230 ವೋಲ್ಟ್ ಕೊಡಲು ಶುರು ಮಾಡುತ್ತದೆ. ಆ ವೈರ್ ವಾಪಸ್ ಬರೋದು ಇದೇ ಡಿಬಿಗೆ. ಅಂದರೆ ಅರ್ಧ ಡಿಬಿ ಸತ್ತಿದೆ, ಅರ್ಧ ಬದುಕಿದೆ. ಯಾವ ಅರ್ಧ ಅಂತ ಹೊರಗಿಂದ ಗೊತ್ತಾಗೋದಿಲ್ಲ.

ಆದ್ದರಿಂದ ಇನ್ವರ್ಟರನ್ನೂ ಅದರ ಸ್ವಿಚ್ಚಿನಲ್ಲೇ ಆಫ್ ಮಾಡಬೇಕು. ಜನರೇಟರ್ ಇದ್ದರೆ ಚೇಂಜ್‌ಓವರ್ ಸ್ವಿಚ್ಚನ್ನು ನಡುವಿನ ಆಫ್ ಜಾಗಕ್ಕೆ ತರಬೇಕು. ಡಿಬಿಯ ಒಳಗಿನ ಐಸೊಲೇಟರ್ (ಇಡೀ ಡಿಬಿಯನ್ನು ಆಫ್ ಮಾಡುವ ಸ್ವಿಚ್) ಮಾತ್ರ ಇಳಿಸಿದರೆ ಸಾಲದು, ಅದಕ್ಕೆ ಬರುವ ವೈರಿನ ಟರ್ಮಿನಲ್ಲಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಮೀಟರ್ ಪಕ್ಕದ ಮೇನ್ ಸ್ವಿಚ್ ಇಳಿಸಬೇಕು. ಆಮೇಲೆ ಮಲ್ಟಿಮೀಟರಿನಲ್ಲಿ ನೋಡಬೇಕು, ಅದೂ ಮೊದಲು ಕರೆಂಟ್ ಇರುವ ಪ್ಲಗ್ಗಿನಲ್ಲಿ ಮೀಟರ್ ಸರಿ ಇದೆಯಾ ಅಂತ ಖಾತ್ರಿ ಮಾಡಿಕೊಂಡು. ಜೇಬಿನ ಟೆಸ್ಟರ್ ನಂಬಬೇಡಿ. ಮರದ ನೆಲದ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತರೆ ಅದರ ದೀಪ ಕಾಣದಷ್ಟು ಮಂಕಾಗಬಹುದು, ಒಳಗೆ ಪೂರ್ತಿ ಕರೆಂಟ್ ಇದ್ದರೂ.

ಇಷ್ಟೆಲ್ಲ ಆಗೋದು ವೈರ್‌ಮ್ಯಾನ್ ಪರ್ಮಿಟ್ ಇರುವವರ ಕೈಯಲ್ಲಿ. ಪರ್ಮಿಟ್ ಕೊಡೋದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ, ಕೇಳಿ ನೋಡೋದರಲ್ಲಿ ಸಂಕೋಚ ಬೇಡ. ಮುಚ್ಚಳ ಬಿಚ್ಚುವ ಕೆಲಸ ನಿಮ್ಮದಲ್ಲ. ಮೀಟರ್ ಪೆಟ್ಟಿಗೆ ಮತ್ತು ಸೀಲ್ ಆಗಿರುವ ಭಾಗ ವೈರ್‌ಮ್ಯಾನಿನದ್ದೂ ಅಲ್ಲ. ಅಲ್ಲಿ ಏನಾದರೂ ಒಡೆದಿದ್ದರೆ ಕರೆಂಟ್ ಕೊಡುವ ಕಂಪನಿ ಸೆಸ್ಕ್‌ನ ಸೆಕ್ಷನ್ ಆಫೀಸಿಗೆ ಹೇಳಿ, ಇಲ್ಲವೇ 1912ಕ್ಕೆ ಫೋನ್ ಮಾಡಿ.

ಅಲ್ಲಿಯವರೆಗೆ ಏನು ಮಾಡೋದು ಅಂದರೆ, ಡಿಬಿಯ ಹೊರಬಾಗಿಲಿಗೆ ಒಂದು ಸಣ್ಣ ಬೀಗ ಹಾಕಿ, ಕೀಲಿಯನ್ನು ದೊಡ್ಡವರಿಗೆಲ್ಲ ಗೊತ್ತಿರುವ ಜಾಗದಲ್ಲಿ ನೇತುಹಾಕಿ. ಅವಸರಕ್ಕೆ ಮೇನ್ ಆಫ್ ಮಾಡಲು ಬೇಕಾಗುತ್ತದಲ್ಲ. ಕುರ್ಚಿ, ಸ್ಟೂಲು ಅಲ್ಲಿಂದ ಎತ್ತಿ.

ಹಲ್ಲಿ, ಹುಳ, ಮಳೆ ನೀರು

ರಾತ್ರಿ ಹೊತ್ತು ಕಾರಣವೇ ಇಲ್ಲದೆ ಆರ್‌ಸಿಸಿಬಿ ಬಿತ್ತು, ಬೆಳಿಗ್ಗೆ ಎತ್ತಿದರೆ ನಿಂತಿತು ಅಂತ ಫೋನ್ ಬಂದರೆ ನಾನು ಮೊದಲು ಹುಡುಕೋದು ಹಲ್ಲಿಯನ್ನು. ಪೆಟ್ಟಿಗೆ ಬೆಚ್ಚಗಿರುತ್ತದೆ, ಒಳಗೆ ಹುಳ ಸಿಗುತ್ತದೆ. ಬಸ್‌ಬಾರಿಗೂ ತಗಡಿಗೂ ನಡುವೆ ಅದರ ಮೈ ತಾಗಿದರೆ ಮುಗೀತು. ಅದು ಸತ್ತು ಅಲ್ಲೇ ಒಣಗಿದರೆ ಇರುವೆ ಬರುತ್ತದೆ.

ಕುಂಬಾರ ಹುಳದ ಗೂಡನ್ನು ನೀವು ಕಡೆಗಣಿಸದೆ ಬರೆದದ್ದು ಒಳ್ಳೆಯದಾಯ್ತು. ಅದು ತರೋದು ಒದ್ದೆ ಮಣ್ಣು. ಒಣಗಿದಾಗ ತೊಂದರೆ ಕೊಡದ ಮಣ್ಣು ಜುಲೈ ತಿಂಗಳ ಥಂಡಿಯಲ್ಲಿ ತೇವ ಹೀರಿಕೊಂಡು ಕರೆಂಟಿಗೆ ದಾರಿಯಾಗುತ್ತದೆ. ಎಂಸಿಬಿಯ ಪ್ಲಾಸ್ಟಿಕ್ ಮೇಲೆ ಕರಿ ಗೀರುಗಳು ಕಂಡರೆ ಆಗಲೇ ಹಾಗೆ ಕರೆಂಟ್ ಹರಿದಿದೆ ಅಂತ ಅರ್ಥ, ಆ ಎಂಸಿಬಿ ಬದಲಾಯಿಸಲೇಬೇಕು. ಗೂಡನ್ನು ಕಡ್ಡಿ, ಪೊರಕೆಯಿಂದ ಚುಚ್ಚಬೇಡಿ. ಹುಳದ ಸ್ಪ್ರೇ ಹೊಡೆಯಬೇಡಿ, ಅದರ ಗ್ಯಾಸಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆಯಂತೂ ಹತ್ತಿರವೂ ತರಬೇಡಿ. ಎಲ್ಲಾ ಆಫ್ ಆದ ಮೇಲೆ ವೈರ್‌ಮ್ಯಾನ್ ಒಣ ಬ್ರಷ್ಷಿನಲ್ಲಿ ತೆಗೆಯಲಿ.

ಒಂದು ವಿಷಯದಲ್ಲಿ ಮಾತ್ರ ಪ್ಲೇಟಿನ ಮೇಲೆ ಭರವಸೆ ಇಡಬೇಡಿ. ಅದು ಬೆರಳು, ಹಲ್ಲಿಯನ್ನು ತಡೆಯುತ್ತದೆ, ನೀರನ್ನಲ್ಲ. ಅಟ್ಟದಿಂದ ಇಳಿಯುವ ಪೈಪಿನೊಳಗೆ ಸೋರಿದ ಮಳೆನೀರು ಬಂದರೆ, ಅಥವಾ ಗೋಡೆಯೇ ನೀರು ಕುಡಿದು ಪೆಟ್ಟಿಗೆಯ ಹಿಂಬದಿ ತುಕ್ಕು ಹಿಡಿಯುತ್ತಿದ್ದರೆ, ಆ ಮೂಲವನ್ನೇ ಸರಿ ಮಾಡಬೇಕು. ಮಳೆ ಜೋರಾಗಿರುವ ಒಂದು ದಿನ ವೈರ್‌ಮ್ಯಾನನ್ನು ಕರೆಸಿದರೆ ಇದು ಕಣ್ಣಿಗೇ ಕಾಣುತ್ತದೆ. ಬೇಸಿಗೆಯಲ್ಲಿ ಬಂದವರು 'ಎಲ್ಲಾ ಸರಿ ಇದೆ' ಅಂತ ಹೋಗುತ್ತಾರೆ.

ಇಡೀ ಡಿಬಿ ಬದಲಾಯಿಸಬೇಕಾ?

ನಾಲ್ಕು ಕಿಂಡಿಗೋಸ್ಕರ ಬೇಡ. ಎಸ್ಟಿಮೇಟ್ ಕೊಟ್ಟವರು ಮುಚ್ಚಳ ಬಿಚ್ಚಿ ನೋಡಿದ್ದಾರಾ ಅಂತ ಮೊದಲು ಕೇಳಿ. ಒಳಗೆ ನೋಡದೆ ಹೇಳಿದ್ದರೆ ಆ ಕಾಗದ ಪಕ್ಕಕ್ಕಿಡಿ.

ಬಿಚ್ಚಿ ನೋಡಿದಾಗ ಪೆಟ್ಟಿಗೆಯ ತಳ ತುಕ್ಕು ಹಿಡಿದು ಉದುರುತ್ತಿದ್ದರೆ, ಬಸ್‌ಬಾರ್ ಸುಟ್ಟು ನೀಲಿಗಟ್ಟಿದ್ದರೆ, ಯಾರೋ ಹ್ಯಾಕ್ಸಾದಲ್ಲಿ ಮುಚ್ಚಳ ಕೊಯ್ದು ಕಿಂಡಿ ದೊಡ್ಡದು ಮಾಡಿ ಯಾವ ಪ್ಲೇಟೂ ಕೂರದ ಹಾಗಿದ್ದರೆ, ತಗಡಿನ ಪೆಟ್ಟಿಗೆಗೆ ಅರ್ಥಿಂಗ್ ವೈರೇ ಇಲ್ಲದೆ ಕೊಡಿಸಲೂ ಆಗದಿದ್ದರೆ, ಆಗ ಬದಲಾಯಿಸೋದೇ ಸರಿ. ಇವು ಇಲ್ಲದಿದ್ದರೆ ಇಪ್ಪತ್ತೈದು ವರ್ಷದ ಡಿಬಿ ಇನ್ನೂ ಕೆಲಸಕ್ಕೆ ಬರುತ್ತದೆ.

ಬದಲಾಯಿಸುವುದರಲ್ಲೂ ಅಪಾಯ ಇದೆ ಅನ್ನೋದು ಎಸ್ಟಿಮೇಟಿನಲ್ಲಿ ಬರೆದಿರೋದಿಲ್ಲ. ಹಳೇ ವೈರಿನ ಹೊದಿಕೆ ಗಡುಸಾಗಿರುತ್ತದೆ. ಇದ್ದಲ್ಲೇ ಇದ್ದರೆ ಇನ್ನೂ ನಾಲ್ಕು ಕಾಲ ಬಾಳುತ್ತಿತ್ತು. ಹೊಸ ಡಿಬಿಗೆ ಅಂತ ಎಳೆದು ಬಗ್ಗಿಸಿದಾಗ ಬಿರುಕು ಬಿಡುತ್ತದೆ, ಅದೂ ಪೈಪಿನ ಬಾಯಲ್ಲಿ, ಕಾಣದ ಕಡೆ. ಎಲ್ಲಾದರೂ ಹಳೇ ಅಲ್ಯೂಮಿನಿಯಂ ವೈರ್ ಉಳಿದಿದ್ದರೆ ಬಗ್ಗಿಸಿದ ಕಡೆ ಮುರಿಯುತ್ತದೆ. ಹೊಸ ಡಿಬಿ ಹಾಕುವುದಾದರೆ ಪ್ರತಿ ಲೈನಿಗೂ ಇನ್ಸುಲೇಷನ್ ಟೆಸ್ಟ್ ಮಾಡಿಸಿ, ಅಂದರೆ ವೈರಿನ ಹೊದಿಕೆ ಸರಿ ಇದೆಯಾ ಅಂತ ಮೆಗ್ಗರ್ ಅನ್ನೋ ಮೀಟರ್ ಹಾಕಿ ನೋಡಿ, ಬಂದ ರೀಡಿಂಗನ್ನು ಬರೆದುಕೊಡಲು ಹೇಳಿ. ಮೆಗ್ಗರ್ ಅಂದರೆ ಏನು ಅಂತ ಕೇಳುವ ಎಲೆಕ್ಟ್ರಿಷಿಯನ್ನಿಗೆ ಆ ಕೆಲಸ ಕೊಡಬೇಡಿ.

ಲೈನ್ ಮನೆಯ ಪಿಂಗಾಣಿ ಫ್ಯೂಸು

ನೀವು ಪತ್ರದ ತುದಿಗೆ ಹಾಕಿದ ಮಾತು ನನಗೆ ಡಿಬಿಗಿಂತ ಹೆಚ್ಚು ಯೋಚನೆ ಹಿಡಿಸಿದೆ. ಕಿಟ್‌ಕ್ಯಾಟ್ ಅಂತ ಕರೆಯುವ ಈ ಪಿಂಗಾಣಿ ಫ್ಯೂಸಿನ ಮೇಲಿನ ಭಾಗ ಕಿತ್ತಿಟ್ಟರೆ ಬುಡದ ಹಿತ್ತಾಳೆ ಕಚ್ಚು ಬಟಾಬಯಲಲ್ಲಿ ಇರುತ್ತದೆ. ಮುಂದೆ ತಗಡಿಲ್ಲ, ಬಾಗಿಲಿಲ್ಲ. ಎರಡು ಕಚ್ಚಿನಲ್ಲಿ ಒಂದರಲ್ಲಿ ಸದಾ ಫೇಸ್. ಲೈನ್ ಮನೆಯಲ್ಲಿ ಆರ್‌ಸಿಸಿಬಿ ಇರುವ ಸಂಭವವೂ ಕಡಿಮೆ. ಅಪ್ಪ ಅಮ್ಮ ತೋಟಕ್ಕೆ ಹೋದ ಮೇಲೆ ಮಕ್ಕಳು ಅಲ್ಲೇ ಇರುತ್ತಾರೆ.

ಇವತ್ತೇ ಮಾಡಬಹುದಾದ್ದು: ಮೇನ್ ಇಳಿಸಿ, ಫ್ಯೂಸ್ ತಂತಿ ಇಲ್ಲದ ಖಾಲಿ ಪಿಂಗಾಣಿ ಹಿಡಿಯನ್ನು ಆ ಬುಡಕ್ಕೆ ಕೂರಿಸೋದು. ಕಚ್ಚು ಮುಚ್ಚಿಹೋಗುತ್ತದೆ. ಒಡೆದ, ಸೀಳಿದ ಹಿಡಿ ಬೇಡ. ತೊಂದರೆ ಏನೆಂದರೆ ಕರೆಂಟ್ ಹೋದ ರಾತ್ರಿ ಯಾರೋ ಅದಕ್ಕೂ ಒಂದು ತಂತಿ ಸುತ್ತುತ್ತಾರೆ, ಉಪಯೋಗದಲ್ಲಿಲ್ಲದ ಲೈನ್ ಜೀವ ಪಡೆಯುತ್ತದೆ. ಅದರ ಇನ್ನೊಂದು ತುದಿ ಎಲ್ಲಿ ನೇತಾಡುತ್ತಿದೆಯೋ ಗೊತ್ತಿಲ್ಲ. ಹಾಗಾಗಿ ಆ ಎರಡೂ ಬುಡಗಳ ವೈರನ್ನು ಮೇನ್ ಕಡೆಯಿಂದಲೇ ಬಿಚ್ಚಿಸಿ ತೆಗೆಸಬೇಕು. ಸಾಧ್ಯವಾದರೆ ಪಿಂಗಾಣಿ ಸಾಲನ್ನೇ ತೆಗೆಸಿ, ನಾಲ್ಕು ಎಂಸಿಬಿಯ ಸಣ್ಣ ಪೆಟ್ಟಿಗೆ ಮತ್ತು 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಒಂದು ಅರ್ಥಿಂಗ್ ಗುಂಡಿಯೂ ಬೇಕಾಗುತ್ತದೆ. ಇಡೀ ಡಿಬಿ ಬದಲಾಯಿಸಲು ಅಂತ ಎತ್ತಿಟ್ಟ ದುಡ್ಡನ್ನು ಇಲ್ಲಿ ಹಾಕಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ವೈರ್‌ಮ್ಯಾನ್ ಬಂದ ದಿನ ಬೆಳಿಗ್ಗೆ ಮೊದಲು ಲೈನ್ ಮನೆಗೆ ಕರೆದುಕೊಂಡು ಹೋಗುತ್ತಿದ್ದೆ. ಹಜಾರದ ನಾಲ್ಕು ಕಿಂಡಿ ಊಟ ಆದ ಮೇಲೆ ಮಾಡಿದರೂ ಆಗುತ್ತದೆ.